ಬುರುಲ್ ಬೇಡವೆಂದ ಇಳಿಜಾರು

ಆ ಚಳಿಗಾಲದಲ್ಲಿ ಬುರುಲ್‌ಗೆ ಊರಲ್ಲಿ ‘ಬೇಡಮ್ಮ’ ಎಂಬ ಅಡ್ಡಹೆಸರು ಬಿದ್ದಿತ್ತು. ಇಟ್ಟವನು ಬೇರೆ ಯಾರೂ ಅಲ್ಲ, ಗಂಡನ ತಮ್ಮ ಎರ್ಮೆಕ್. ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ಕರಾಕೋಲ್ ಪಟ್ಟಣದ ಆಚೆಗಿನ ಆ ಹಳ್ಳಿಯನ್ನು ಬದುಕಿಸಿದ್ದು ಹಿಮವೇ. ಸ್ಕೀ ಹೊತ್ತು ಬಂದವರಿಗೆ ಮನೆಯಲ್ಲಿ ಊಟ, ಹಾಸಿಗೆ. ಬೆಳಗಾದರೆ ಬೆಟ್ಟಕ್ಕೆ ದಾರಿ ತೋರಿಸಲು ಅತ್ತಿಗೆ, ಮೈದುನ. ಬೇಟೆಗಾರನ ಮಗಳಾದ ಬುರುಲ್ ನಡೆಯಲು ಕಲಿತದ್ದೇ ಆ ಇಳಿಜಾರುಗಳಲ್ಲಿ.

ಆ ವರ್ಷ ಹಿಮ ಬೇಗ ಬಿತ್ತು, ಆದರೆ ತೆಳ್ಳಗೆ ಬಿತ್ತು. ಆಮೇಲೆ ವಾರಗಟ್ಟಲೆ ಮೋಡವಿಲ್ಲದ, ಕೊರೆಯುವ ಚಳಿ. ನೆಲಕ್ಕೆ ತಾಗಿದ ಹಿಮವೆಲ್ಲ ಸಕ್ಕರೆಯಂತೆ ಕಾಳುಕಾಳಾಗಿ ಒಂದಕ್ಕೊಂದು ಅಂಟದೆ ಕೂತಿತು. ಅದರ ಮೇಲೆ ಗಾಳಿಯೊಂದಿಗೆ ದೊಡ್ಡ ಹಿಮ ಸುರಿಯಿತು. ಬುರುಲ್ ಬಡಗಣ ಇಳಿಜಾರಿನಲ್ಲಿ ಗುಂಡಿ ತೋಡಿ ನೋಡಿದಳು. ಮೇಲಿನ ಗಟ್ಟಿ ಪದರವನ್ನು ಸಲಿಕೆಯಿಂದ ಮೆಲ್ಲಗೆ ತಟ್ಟಿದ್ದೇ ತಡ, ಅದು ಹಲಗೆಯಂತೆ ಜಾರಿ ಅವಳ ಮಡಿಲಿಗೇ ಬಂತು.

“ಬಡಗಣ ಇಳಿಜಾರು ಬೇಡ. ಕಾಡಿನ ಕಡೆ ಹೋಗೋಣ,” ಎಂದಳು.

ಅಲ್ಮಾಟಿಯಿಂದ ಬಂದಿದ್ದ ನಾಲ್ವರ ಮುಖ ಸಪ್ಪಗಾಯಿತು. ಎರ್ಮೆಕ್ ನಕ್ಕ. “ನಮ್ಮ ಬೇಡಮ್ಮನ್ನ ಕೇಳಿದ್ರೆ ಹೊಸಿಲು ದಾಟೋದೂ ಬೇಡ ಅಂತಾಳೆ.”

“ನೀನು ದಾಟಪ್ಪ. ಹೋಗಿ ಕುದುರೆಗೆ ಹುಲ್ಲಾದ್ರೂ ಹಾಕು.”

ಮಾರನೆಯ ದಿನ ಅವಳು ತಾಯಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಕರಾಕೋಲ್‌ಗೆ ಹೋಗಬೇಕಾಯಿತು. ಸಂಜೆ ಬಂದು ನೋಡಿದರೆ ಮನೆಯಲ್ಲಿ ಹಬ್ಬದ ಗದ್ದಲ. ಎರ್ಮೆಕ್ ಆ ನಾಲ್ವರನ್ನೂ ಬಡಗಣ ಇಳಿಜಾರಿನಲ್ಲೇ ಇಳಿಸಿ ತಂದಿದ್ದ.

“ನೋಡಿದ್ಯಾ ಅತ್ತಿಗೇ? ಏನಾಯ್ತು? ಏನೂ ಆಗ್ಲಿಲ್ಲ!”

“ನಂಗೆ ಅದೇ ಭಯ ಕಣೋ. ಇನ್ಮೇಲೆ ನೀನು ಯಾರ ಮಾತೂ ಕೇಳಲ್ಲ.”

ಗಂಡ ಸಾಗಿನ್ ಚಹಾ ಬಟ್ಟಲಿನಿಂದ ತಲೆಯೆತ್ತದೆ ಹೇಳಿದ, “ಎಲ್ಲದಕ್ಕೂ ಬೇಡ ಅಂದ್ರೆ ನಮ್ಮನೆಗೆ ಯಾರು ಬರ್ತಾರೆ, ಬುರುಲ್?”

ಆ ಮಾತು ಅವಳನ್ನು ಕೊರೆಯತೊಡಗಿತು. ತನಗೇ ಅಂಜಿಕೆ ಹತ್ತಿದೆಯೋ ಏನೋ ಎಂದುಕೊಂಡಳು. ಮತ್ತೆ ಹೋಗಿ ತೋಡಿದಳು. ಅಡಿಯಲ್ಲಿ ಅದೇ ಸಕ್ಕರೆ, ಬೊಗಸೆಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಸೋರಿಹೋಗುತ್ತಿತ್ತು.

ಮುಂದಿನ ತಂಡ ಬಂದಾಗ ಅವರನ್ನು ಬೆಟ್ಟದ ನೆತ್ತಿಯ ಏಣುದಾರಿಯಲ್ಲೇ ನಡೆಸಿದಳು. ಕೊನೆಯಲ್ಲಿ ಬರುತ್ತಿದ್ದ ಎರ್ಮೆಕ್ ಒಮ್ಮೆಲೇ ಬಡಗಣ ಇಳಿಜಾರಿನತ್ತ ತಿರುಗಿ, “ಕೆಳಗೆ ಸಿಕ್ತೀನಿ!” ಎಂದ.

“ಎರ್ಮೆಕ್, ಬೇಡ! ಬಂಡೆ ಹತ್ರ ಹಿಮ ತೆಳ್ಳಗಿದೆ ಕಣೋ, ಅಲ್ಲೇ ಒಡೆಯೋದು!”

ಅವನು ಕೈಬೀಸಿ ಇಳಿದೇಬಿಟ್ಟ. ಬಂಡೆಗಳ ಬಳಿ ಹೋಗುತ್ತಿದ್ದಂತೆ ಬೆಟ್ಟದೊಳಗಿಂದ ಯಾರೋ ನರಳಿದಂತಾಯಿತು. ಅವನ ತಲೆಯ ಮೇಲ್ಗಡೆ ಉದ್ದಕ್ಕೂ ಬಿರುಕು ಓಡಿತು. ಇಳಿಜಾರಿನ ಇಡೀ ಮೈ ಗಾಜಿನಂತೆ ಒಡೆದು ಹೊರಟಿತು. ಬಿಳಿ ಧೂಳು ಇಳಿದಾಗ ಅಲ್ಲಿ ಎರ್ಮೆಕ್ ಇರಲಿಲ್ಲ.

ಜೊತೆಯವರನ್ನು ಏಣಿನಲ್ಲೇ ನಿಲ್ಲಿಸಿ, ಮೇಲೆ ಇನ್ನು ಬೀಳುವ ಹಿಮ ಉಳಿದಿಲ್ಲವೆಂದು ಕಣ್ಣಾಡಿಸಿ ಖಚಿತ ಮಾಡಿಕೊಂಡು, ಬುರುಲ್ ಜಾರಿ ಇಳಿದಳು. ಬೆಟ್ಟಕ್ಕೆ ಹೋಗುವವರೆಲ್ಲ ಎದೆಗೆ ಕಟ್ಟಿಕೊಳ್ಳುವ ಪುಟ್ಟ ಯಂತ್ರ ಹಿಮದಡಿಯಿಂದಲೂ ಸುಳಿವು ಕೊಡುತ್ತದೆ. ಅವಳ ಕೈಯಲ್ಲಿದ್ದದ್ದು ಕೂಗುತ್ತ ಕೂಗುತ್ತ ಒಂದು ಕಡೆ ಗಟ್ಟಿಯಾಗಿ ಅರಚಿತು. ಉದ್ದನೆಯ ಸರಳು ಚುಚ್ಚಿದಳು. ಕಲ್ಲಲ್ಲದ, ನೆಲವಲ್ಲದ ಏನೋ ಮೆತ್ತಗೆ ತಡೆಯಿತು. ಹುಚ್ಚು ಹಿಡಿದವಳಂತೆ ತೋಡಿದಳು. ಮೊದಲು ಕೈಗವಸು, ಆಮೇಲೆ ನೀಲಿಗಟ್ಟಿದ ಮುಖ. ಬಾಯಲ್ಲಿ ತುಂಬಿದ್ದ ಹಿಮವನ್ನು ಬೆರಳಿಂದ ಬಗೆದು ತೆಗೆದಳು. ಎರ್ಮೆಕ್ ಕೆಮ್ಮಿದ. ಅವನ ಎಡಗಾಲು ಮಡಚಬಾರದ ಕಡೆ ಮಡಚಿಕೊಂಡಿತ್ತು.

ಮಗನನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ಅತ್ತೆ ಟುರ್ಸುನ್ ಸೊಸೆಯ ಎದುರು ಬಂದು ನಿಂತಳು.

“ನಿನ್ನ ನಾಲಿಗೆ ಕಣೇ! ದಿನಾ ಬೀಳತ್ತೆ, ಬೀಳತ್ತೆ ಅಂತಿದ್ದೆ. ಬಿತ್ತಲ್ಲ, ನನ್ನ ಮಗನ ಮೇಲೇ ಬಿತ್ತಲ್ಲ.”

ಬುರುಲ್ ಹಿಟ್ಟು ನಾದುತ್ತಲೇ ಇದ್ದಳು. ಸಾಗಿನ್ ಚಹಾ ಬಟ್ಟಲಿನಿಂದ ತಲೆಯೆತ್ತಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು. ಅಂದಿನಿಂದ ಅತ್ತೆ ಅವಳು ತಟ್ಟಿದ ರೊಟ್ಟಿ ಮುಟ್ಟಲಿಲ್ಲ.

ಅತ್ತೆಯ ಮಾತು ಊರೆಲ್ಲ ಹಬ್ಬಿತು. ಈಗ ಬುರುಲ್ ಬೇಡ ಎಂದರೆ ಸಾಕು, ಕುರಿಗಾಹಿಗಳೂ ದಾರಿ ತೋರಿಸುವವರೂ ತುಟಿಪಿಟಕ್ಕೆನ್ನದೆ ಹಿಂದೆ ತಿರುಗುತ್ತಿದ್ದರು. ಅವಳು ಬಯಸಿದ್ದು ಇದನ್ನಲ್ಲ. ಅವಳು ತೋಡಿದ ಗುಂಡಿಯನ್ನು ಯಾರೂ ಬಗ್ಗಿ ನೋಡುತ್ತಿರಲಿಲ್ಲ. ಅವಳ ಬಾಯಿಂದ ಇನ್ನೇನು ಬರುವುದೋ ಎಂದು ಹೆದರುತ್ತಿದ್ದರು, ಅಷ್ಟೇ. ಹಿಮ ಗಟ್ಟಿಯಾಗಿದ್ದ ದಿನ “ಹೋಗಿ” ಎಂದರೂ ಅವರು ಮರಳುವವರೆಗೆ ಹೊಸಿಲಲ್ಲೇ ಕಾಯುತ್ತಿದ್ದಳು.

ಮುಂದಿನ ಚಳಿಗಾಲ ಎರ್ಮೆಕ್ ಕೋಲೂರಿಕೊಂಡು ಅವಳ ಹಿಂದೆಯೇ ಇಳಿಜಾರಿನ ಬುಡಕ್ಕೆ ಬಂದ. ಬುರುಲ್ ಮೇಲೆ ನೋಡಿ ತಲೆಯಾಡಿಸಿದಳು.

“ಇವತ್ತು ಬೇಡ.”

“ಯಾಕೆ ಬೇಡ? ಸುಮ್ನೆ ಹೇಳಿದ್ರೆ ನಾನು ನಂಬಲ್ಲ. ತೋರ್ಸು.”

ವರ್ಷದಿಂದ ಅವಳನ್ನು ಹೀಗೆ ಯಾರೂ ಕೇಳಿರಲಿಲ್ಲ. “ಬಗ್ಗಕ್ಕಾಗತ್ತೇನೋ ನಿಂಗೆ?”

“ಆಗಲ್ಲ. ಕೂತ್ಕೊಂಡು ನೋಡ್ತೀನಿ.”

ಅವನು ಕಾಲು ಚಾಚಿ ಹಿಮದ ಮೇಲೆ ಕೂತ. ಬುರುಲ್ ಬೆನ್ನಿನ ಚೀಲದಿಂದ ಸಲಿಕೆ ತೆಗೆದು ತೋಡತೊಡಗಿದಳು.