ಮೈಕಿನ ರುಕ್ಮಯ್ಯ ಮತ್ತು ನಾಲ್ವರು ಜರ್ಮನರು

ಬೆಳಗಿನ ಐದೂವರೆ. ಮೂಡುಬಿದಿರೆ ಬಳಿಯ ಪುತ್ತಿಗೆಯ ಮದುವೆ ಮನೆಯಲ್ಲಿ ರುಕ್ಮಯ್ಯ ತೆಂಗಿನ ಮರಕ್ಕೆ ಏಣಿ ಇಟ್ಟು ಧ್ವನಿವರ್ಧಕ ಕಟ್ಟುತ್ತಿದ್ದಾರೆ. ಮಂಡಿನೋವು; ಎರಡು ಮೆಟ್ಟಿಲಿಗೊಮ್ಮೆ ನಿಲ್ಲುತ್ತಾರೆ. ಬೆಳ್ತಂಗಡಿಯ ಮೈಕ್ ಅಂಗಡಿಯಲ್ಲಿ ಹದಿನೆಂಟು ವರ್ಷದ ದುಡಿಮೆ. ಈ ಮೇ ತಿಂಗಳಲ್ಲಿ ಇದು ಇಪ್ಪತ್ತೆರಡನೆಯ ಮದುವೆ.

ಜರ್ಮನಿಯ ರಾಕ್ ತಂಡವೊಂದರ ಏಕೈಕ ರೆಕಾರ್ಡಿಗೆ ಮೈಕು ಹಿಡಿದವರು ಇವರೇ ಎಂದರೆ ನೆಂಟರು ನಂಬಲಾರರು.

1973ರ ಡಿಸೆಂಬರಿನಲ್ಲಿ ಮ್ಯೂನಿಕ್‌ನ ನಾಲ್ವರು ಯುವಕರ ವ್ಯಾನು ಚಾರ್ಮಾಡಿ ಘಾಟಿ ಇಳಿದು, ನೆರಿಯದಲ್ಲಿ ರುಕ್ಮಯ್ಯನವರ ಮನೆ ಹತ್ತಿರವೇ ಕೆಟ್ಟು ನಿಂತಿತು. ತಂಡದ ಹೆಸರು ‘ಮೋಂಡ್‌ಬ್ರುನೆನ್’, ಅಂದರೆ ಚಂದ್ರನ ಬಾವಿ. ಹುಟ್ಟಿ ಒಂದು ವರ್ಷವಾಗಿತ್ತಷ್ಟೆ. ಅಮಲೇರಿದಂತೆ ತೇಲುವ, ಮುಗಿಯದ ಸಂಗೀತ ಅವರದು. ವ್ಯಾನು ಸರಿಯಾಗುವವರೆಗೆ ಸುಮ್ಮನೆ ಕೂರುವುದೇಕೆಂದು ಅವರ ಅಂಗಳದಲ್ಲೇ ರೆಕಾರ್ಡಿಂಗ್ ಶುರುಮಾಡಿದರು. ರುಕ್ಮಯ್ಯನವರ ಅಂಗಡಿಯಿಂದ ಮೈಕು, ಜನರೇಟರು ಬಂದವು.

“ಭಾಷೆ ಬರುವುದಿಲ್ಲ ಮಾರಾಯ್ರೆ. ನಾನು ಕೈ ಎತ್ತಿದರೆ ನುಡಿಸುವುದು, ಇಳಿಸಿದರೆ ನಿಲ್ಲಿಸುವುದು. ಒಂಬತ್ತು ದಿನ ಹೀಗೇ,” ಎನ್ನುತ್ತಾರೆ ರುಕ್ಮಯ್ಯ.

ಹತ್ತನೆಯ ದಿನ ಡ್ರಮ್ ಬಾರಿಸುವ ಡೀಟರ್‌ನ ಕಣ್ಣು ಹಳದಿಯಾಯಿತು. ಕಾಮಾಲೆ. ರುಕ್ಮಯ್ಯನವರ ತಾಯಿ ಅಮ್ಮಣ್ಣಿ ಗಂಜಿ, ಮಜ್ಜಿಗೆ ಕೊಟ್ಟು ತಿಂಗಳುಗಟ್ಟಲೆ ನೋಡಿಕೊಂಡರು. ಉಳಿದ ಮೂವರು ಒಂದು ವಾರ ಕಾದರು. ವ್ಯಾನು ಸರಿಯಾದದ್ದೇ ತಡ, ಟೇಪು ತೆಗೆದುಕೊಂಡು ಹೊರಟರು.

“ಅವ ಜಗಲಿಯಲ್ಲಿ ಕೂತು ಮಾರ್ಗ ನೋಡುವುದು. ಬರ್ತಾರೆ, ಬರ್ತಾರೆ ಅಂತ ಅಮ್ಮ ತುಳುವಿನಲ್ಲಿ ಹೇಳುವುದು. ಬರಲಿಲ್ಲ.”

ಗುಣವಾದ ಮೇಲೆ ಡೀಟರ್ ಒಬ್ಬನೇ ಊರಿಗೆ ಮರಳಿದ. ತಂಡ ಮತ್ತೆ ಕೂಡಲಿಲ್ಲ. 1975ರಲ್ಲಿ ಅವನು ಅಂಚೆಯಲ್ಲಿ ರೆಕಾರ್ಡು ಕಳಿಸಿದ. ಅಚ್ಚಾದದ್ದು ಮುನ್ನೂರು, ಹೆಚ್ಚಿನವು ಗೋದಾಮಿನಲ್ಲೇ ಉಳಿದಿವೆ, ತಾನೀಗ ಬೇಕರಿಯಲ್ಲಿದ್ದೇನೆ ಎಂದು ಬರೆದಿದ್ದ. ಹೊದಿಕೆಯ ಮೇಲೆ ನಾಲ್ವರ ಹೆಸರಿದೆ, ರುಕ್ಮಯ್ಯನವರದಿಲ್ಲ. “ಇರಲಿ. ಅವರೇ ಇಲ್ಲಿ ಬಿಟ್ಟುಹೋದ ಡೀಟರನದ್ದಾದರೂ ಹಾಕಿದ್ದಾರಲ್ಲ.”

ಒಮ್ಮೆ ಶಿರ್ತಾಡಿಯ ಮದುವೆಯೊಂದರಲ್ಲಿ ರುಕ್ಮಯ್ಯ ಆ ರೆಕಾರ್ಡು ಹಾಕಿದ್ದರು. ಎರಡೇ ನಿಮಿಷಕ್ಕೆ ಮದುಮಗಳ ಮಾವ ಓಡಿಬಂದು, “ಮಿಷನ್ ಹಾಳಾಯ್ತಾ?” ಎಂದು ಕೇಳಿದರು. ಈಗ ಎಲ್ಲ ಕ್ಯಾಸೆಟ್ಟು. ಅಂಗಡಿಯ ರೆಕಾರ್ಡ್ ಪ್ಲೇಯರಿನ ಮುಳ್ಳು ಮುರಿದು ಮೂರು ವರ್ಷ. ಹೊಸದು ಬಂಟ್ವಾಳದಲ್ಲೂ ಸಿಗಲಿಲ್ಲ.

ಏಣಿಯಿಂದ ಇಳಿದು ಅವರು ಬೆವರು ಒರೆಸಿಕೊಳ್ಳುತ್ತಾರೆ.

“ರೆಕಾರ್ಡಿನ ಎರಡನೇ ಬದಿಯ ಕೊನೆಗೆ ಅಮ್ಮ ದನದ ಹಟ್ಟಿಯಿಂದ ನನ್ನನ್ನು ಊಟಕ್ಕೆ ಕರೆದ ಸ್ವರ ಉಂಟು. ಮಧ್ಯದಲ್ಲಿ ಬಂತಲ್ಲ, ಅಳಿಸುವ ಅಂತ ನಾನು ಹೋದೆ. ಡೀಟರ್ ಕೈ ಹಿಡಿದು ಬಿಡಲಿಲ್ಲ. ಅಮ್ಮ ತೀರಿಹೋಗಿ ನಾಲ್ಕು ವರ್ಷ ಆಯ್ತು. ಒಂದು ಮುಳ್ಳು ಸಿಕ್ಕಿದರೆ ಸಾಕು.”