ವಿಮಾನ ಬರುವ ಮೊದಲೇ ಆರುತ್ತಿರುವ ಕುಲುಮೆ

ಮೊದಲ ಬಸ್ಸು ನಾಗಮಂಗಲದ ಕಡೆಗೆ ಹೊರಡುವ ಹೊತ್ತಿಗೆ ಪುಟ್ಟಲಕ್ಷ್ಮಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು ಚಮ್ಮಟಿಗೆ ಎತ್ತಿರುತ್ತಾರೆ. ಬಿಂಡಿಗನವಿಲೆಯ ಹೊರಗೆ, ಹೊಲವೊಂದರ ಮೂಲೆಯಲ್ಲಿ, ತಗಡಿನ ಸೂರಿನ ಕೆಳಗೆ ಅವರ ಕುಲುಮೆ. ಗಂಡ ನಾಗರಾಜಾಚಾರಿ ಕೆಂಪಗೆ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲೆ ಇಡುತ್ತಾರೆ. ಅವರ ಬಲಗೈಯ ಸಣ್ಣ ಸುತ್ತಿಗೆ ಎಲ್ಲಿ ಮುಟ್ಟುತ್ತದೋ ಅಲ್ಲಿಗೇ ಹೆಂಡತಿಯ ಏಟು ಬೀಳಬೇಕು. ಸುತ್ತಿಗೆಯನ್ನು ಅಡ್ಡ ಮಲಗಿಸಿದರೆ, ಇನ್ನು ಏಟು ಸಾಕು ಎಂದು ಅರ್ಥ. ಇಬ್ಬರ ನಡುವೆ ಒಂದು ಮಾತೂ ಇಲ್ಲ.

“ಮಾತಾಡ್ತಾ ಕುಂತ್ರೆ ಕಬ್ಬುಣ ಆರೋಯ್ತದೆ. ನಾವು ಜಗಳ ಆಡ್ಬೇಕು ಅಂದ್ರೂ ಕೆಲ್ಸ ನಿಲ್ಸಿ ಆಡ್ಬೇಕು. ಅಂಗಾಗಿ ಆಡಿದ್ದೇ ಕಮ್ಮಿ,” ಎನ್ನುತ್ತಾರೆ ಪುಟ್ಟಲಕ್ಷ್ಮಮ್ಮ.

ಊರಿನವರ ಬಾಯಲ್ಲಿ ಆಚಾರಿ ಎಂದರೆ ನಾಗರಾಜ ಒಬ್ಬರೇ. ಕುಡುಗೋಲು ಸರಾಗವಾಗಿ ಕೊಯ್ದರೆ ಹೊಗಳಿಕೆ ಅವರಿಗೆ, ಮಚ್ಚಿನ ಬಾಯಿ ಮಡಿಚಿಕೊಂಡರೆ ಬೈಗುಳವೂ ಅವರಿಗೆ. ಎದುರು ನಿಂತು ಏಟು ಹಾಕಿದ ಹೆಂಗಸನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಅವರೂ ಹಿಡಿಯಿರಿ ಎಂದು ಕೇಳಿದವರಲ್ಲ. ಹುಟ್ಟಿದ್ದು ಕೆ.ಆರ್.ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯಲ್ಲಿ, ಮರಗೆಲಸದವರ ಮನೆಯಲ್ಲಿ. ಉಳಿಯ ಸದ್ದು ಕೇಳಿ ಬೆಳೆದವರಿಗೆ ಚಮ್ಮಟಿಗೆ ಹೊಸದು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಕುಳ್ಳಮ್ಮ ಅದನ್ನು ಕೈಗಿತ್ತು, ಹೊಲದ ಮಣ್ಣಿನ ಹೆಂಟೆಗಳನ್ನು ಒಡೆಸಿ ಒಡೆಸಿ ಗುರಿ ಕಲಿಸಿದರು. ಈಗ ಸೊಸೆಯ ಬಲಭುಜ ಸವೆದಿದೆ. ತಲೆ ಬಾಚಿಕೊಳ್ಳಲು ಕೈ ಮೇಲೇಳುವುದಿಲ್ಲ, ಕಬ್ಬಿಣ ಬಡಿಯಲು ಏಳುತ್ತದೆ. ಅದು ಹೇಗೆಂದು ಕೇಳಿದರೆ ಅವರಿಗೂ ಗೊತ್ತಿಲ್ಲ, ನಗುತ್ತಾರೆ.

ಈ ಕುಲುಮೆಗೆ ಬಾಡಿಗೆ ಎಂಬುದಿಲ್ಲ. ನಾಲ್ಕಾರು ಹೊಲಗಳ ಒಡೆಯ ನಿಂಗರಾಜುವಿನ ತಾತ ಒಂದು ಕಾಲದಲ್ಲಿ ನಾಗರಾಜರ ತಾತನಿಗೆ ಈ ಮೂಲೆ ತೋರಿಸಿ, ಇಲ್ಲಿ ಒಲೆ ಹೂಡಿಕೊಂಡು ಊರಿನ ಕೆಲಸ ಮಾಡಿಕೊಂಡಿರು ಎಂದರಂತೆ. ವರ್ಷವಿಡೀ ಒಕ್ಕಲು ಮನೆಗಳ ನೇಗಿಲ ಗುಳ ತಟ್ಟುವುದು, ಕುಡುಗೋಲಿಗೆ ಹಲ್ಲು ಹಾಕುವುದು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಮೊರ ಒಡ್ಡಿದರೆ ಆ ಕೆಲಸಕ್ಕೆ ಆಯವೆಂದು ರಾಗಿ ಬೀಳುತ್ತಿತ್ತು. ಆ ಮೂಲೆಯನ್ನು ಯಾರೂ ಬರೆಸಿಕೊಳ್ಳಲಿಲ್ಲ. ಬರೆದುಕೊಡಿ ಎಂದರೆ ಕೊಟ್ಟವರ ಮಾತನ್ನು ನಂಬಲಿಲ್ಲ ಎಂದಾಗುತ್ತಿತ್ತು. ಟ್ರಾಕ್ಟರು ಬಂದ ಮೇಲೆ ಗುಳ ಕಮ್ಮಿಯಾಯಿತು, ಆದರೂ ಕುಡುಗೋಲು, ಗುದ್ದಲಿ, ಹಾರೆ ಬರುತ್ತಲೇ ಇದ್ದವು. ಹೊಟ್ಟೆಗೆ ತಾಪತ್ರಯ ಇರಲಿಲ್ಲ.

ಆಮೇಲೆ ವಿಮಾನ ನಿಲ್ದಾಣದ ಮಾತು ಬಂತು. ಎಲ್ಲಿಂದ ಬಂತು ಎಂದು ಕೇಳಿದರೆ ಟೀ ಅಂಗಡಿಯವನು ಬಸ್ಸಿನವನನ್ನು ತೋರಿಸುತ್ತಾನೆ, ಬಸ್ಸಿನವನು ಟೀ ಅಂಗಡಿಯವನನ್ನು. ಈ ಕಡೆ ಎಲ್ಲೋ ಬರುತ್ತದಂತೆ, ಅಷ್ಟೇ. ನಾಗಮಂಗಲದವರು ನಮ್ಮ ಕಡೆ ಎಂದರು, ಕೆ.ಆರ್.ಪೇಟೆಯವರು ನಮ್ಮ ಕಡೆ ಎಂದರು. ಇವತ್ತಿನವರೆಗೆ ಒಬ್ಬ ಅಧಿಕಾರಿ ಬಂದು ಒಂದು ಕಲ್ಲು ನೆಟ್ಟಿಲ್ಲ. ಆದರೆ ಕಾರುಗಳು ಬಂದವು. ಕನ್ನಡಕದ ಮಂದಿ ಇಳಿದು, ರಾಗಿ ಹೊಲದ ನಡುವೆ ನಿಂತು, ಆಕಾಶ ನೋಡಿ ಹೋದರು. ಶ್ರೀರಂಗಪಟ್ಟಣದ ಹೆದ್ದಾರಿ ಹೋಟೆಲುಗಳಲ್ಲಿ ವ್ಯಾಪಾರದ ಮಾತುಕತೆ ಕುದುರಿತು. ಪಾಂಡವಪುರದ ಜೆಸಿಬಿಗಳಿಗೆ ಪುರುಸೊತ್ತಿಲ್ಲದಂತಾಯಿತು. ಕೆ.ಆರ್.ಪೇಟೆಯ ಅಂಗಡಿಗಳಲ್ಲಿ ಮುಳ್ಳುತಂತಿಗೆ ಹೇಳಿಟ್ಟು ಕಾಯಬೇಕಾಯಿತು.

ವಿಮಾನ ನಿಲ್ದಾಣ ಬಂದರೆ ಸುತ್ತಲ ಸೀಮೆಯ ಆರ್ಥಿಕತೆ ಎಷ್ಟು ಪಟ್ಟು ಬೆಳೆಯುತ್ತದೆ ಎಂದು ಬಲ್ಲವರು ಲೆಕ್ಕ ಹಾಕಿ ಹೇಳುತ್ತಾರೆ. ಬೆಳೆಯುತ್ತದೋ ಏನೋ, ಇರಲಿ. ಬಾರದೆಯೇ ಅದು ಮಾಡಿ ಮುಗಿಸಿದ ಕೆಲಸದ ಲೆಕ್ಕವನ್ನು ಯಾರೂ ಹಾಕಿದ ಹಾಗಿಲ್ಲ. ಮಾರಿದ ಹೊಲಕ್ಕೆ ಬಿತ್ತನೆ ಇಲ್ಲ. ಬಿತ್ತನೆ ಇಲ್ಲದಲ್ಲಿ ಕಳೆ ಕೀಳುವ ಹೆಂಗಸರಿಗೆ ಕೂಲಿ ಇಲ್ಲ. ಬೇಲಿ ಬಿದ್ದಲ್ಲಿ ಕುರಿಗೆ ಮೇವಿಲ್ಲ. ಕಣವೇ ಇಲ್ಲದ ಮೇಲೆ ಕುಲುಮೆಯವರು ಮೊರ ಹಿಡಿದು ಎಲ್ಲಿಗೆ ಹೋಗಬೇಕು? ಮಾರಿದವರ ಮನೆ ಮುಂದೆ ಕಾರು ನಿಂತಿದೆ, ನಿಜ. ಮಾರಲು ಏನೂ ಇಲ್ಲದವರಿಗೆ ಇದ್ದ ದುಡಿಮೆಯೂ ಹೋಗಿದೆ.

ಹೋದ ಬೇಸಿಗೆಯಲ್ಲಿ ಮಾತ್ರ ಈ ಕುಲುಮೆಗೆ ಎಂದೂ ಇಲ್ಲದ ಕೆಲಸ ಬಂತು. ಶಿವಶಂಕರ್ ಎಂಬ ಗುತ್ತಿಗೆದಾರ ವ್ಯಾನಿನಲ್ಲಿ ಕಬ್ಬಿಣದ ಗೂಟಗಳನ್ನು ತಂದು ಸುರಿದರು. ಇಲ್ಲಿಯದು ಕಲ್ಲುನೆಲ. ಗುಂಡಿ ತೋಡಿ ಸಿಮೆಂಟು ಹಾಕುವುದಕ್ಕಿಂತ ಗೂಟದ ತುದಿಯನ್ನು ಮೊನೆ ಮಾಡಿ ಬಡಿಯುವುದು ಬೇಗ. ಬೇಸಿಗೆ ಪೂರ್ತಿ ಗಂಡ ಹೆಂಡತಿ ಮೊನೆ ಮಾಡಿದರು.

“ಏರ್‌ಪೋರ್ಟಿಂದ ನಮ್ಗೂ ಒಸಿ ಒಳ್ಳೇದಾಯ್ತು ಅಂದ್ಕೊಂಡೊ. ಆ ದುಡ್ಡಲ್ಲಿ ಇವ್ರು ಒಂದಿನ ಮಟನ್ನೂ ತಂದಿದ್ರು,” ಎಂದು ಪುಟ್ಟಲಕ್ಷ್ಮಮ್ಮ ಗಂಡನ ಕಡೆ ನೋಡುತ್ತಾರೆ. ನಾಗರಾಜಾಚಾರಿ ಬೇರೆ ಕಡೆ ನೋಡುತ್ತಾರೆ.

ಗೂಟ ಯಾವ ಹೊಲಕ್ಕೆ ಎಂದು ಇಬ್ಬರೂ ಕೇಳಲಿಲ್ಲ. ಕೇಳುವುದು ಈ ಕುಲುಮೆಯ ಪದ್ಧತಿಯಲ್ಲ. ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳಬಾರದಲ್ಲ, ಹಾಗೆಯೇ ಕಬ್ಬಿಣ ತಂದವರನ್ನು ಯಾತಕ್ಕೆ ಎಂದು ಕೇಳಬಾರದು. ಕೇಳಿದರೆ ಕೆಲಸಕ್ಕೆ ಅಡ್ಡ ಬಾಯಿ ಹಾಕಿದಂತೆ ಎಂದು ಕುಳ್ಳಮ್ಮ ಸೊಸೆಗೆ ಕಲಿಸಿದ್ದರು. ಬಂದ ಕಬ್ಬಿಣವೆಲ್ಲ ಉಳಲಿಕ್ಕೋ ಕೊಯ್ಯಲಿಕ್ಕೋ ಹೋಗುತ್ತಿದ್ದ ಕಾಲದ ಪದ್ಧತಿ ಅದು, ಆಗ ಅದರಿಂದ ಯಾರಿಗೂ ಕೇಡಾಗಿರಲಿಲ್ಲ.

ಮಳೆ ಹಿಡಿಯುವ ಮೊದಲು ಒಂದು ಬೆಳಗ್ಗೆ ಬೇಲಿಯ ಆಳುಗಳು ಬಂದರು. ಮೇಲಿನ ಹೊಲದಿಂದ ಗೂಟ ಬಡಿಯುತ್ತಾ, ತಂತಿ ಎಳೆಯುತ್ತಾ ಇಳಿದರು. ಕುಲುಮೆಯ ಹತ್ತಿರ ಬಂದಾಗ ಅದನ್ನು ಹೊರಗೆ ಬಿಟ್ಟು ಮುಂದಿನಿಂದ ತಿರುಗುತ್ತಾರೆ ಎಂದು ಪುಟ್ಟಲಕ್ಷ್ಮಮ್ಮ ಕಾದರು. ಅವರು ಹಿಂದಿನಿಂದ ಹೋದರು. ಸಂಜೆಗೆ ಕುಲುಮೆ ಬೇಲಿಯ ಒಳಗಿತ್ತು.

“ನನ್ ಕೈಯಾರ ವಡ್ದ ಗೂಟ. ಒಂದೊಂದ್ನೂ ಗುರುತು ಹಿಡೀತೀನಿ,” ಎನ್ನುವಾಗ ಅವರ ದನಿ ಏರುವುದಿಲ್ಲ. “ಯಾವ್ ಹೊಲಕ್ಕೆ ಸಾಮಿ ಅಂತ ಒಂದ್ ಮಾತು ಕೇಳಿದ್ರೆ ಆಗೋಗಿತ್ತು. ಬಾಯಿಗೆ ಬೀಗ ಹಾಕ್ಕಂಡು ವಡುದ್ಬುಟ್ಟೆ.”

ನಿಂಗರಾಜು ಕೆಟ್ಟವರಲ್ಲ. ಹೊಲ ಮಾರುವಾಗ ಮೂಲೆಯಲ್ಲಿದ್ದ ಕುಲುಮೆ ನೆನಪಿಗೇ ಬರಲಿಲ್ಲ ಎಂದು ಅವರೇ ಒಪ್ಪುತ್ತಾರೆ. ಹುಟ್ಟಿದಾಗಿನಿಂದ ಕಣ್ಣ ಮುಂದೆ ಇದ್ದದ್ದು, ಹುಣಸೇಮರದ ಹಾಗೆ ಹೊಲದ ಜೊತೆಗೆ ಸೇರಿಹೋಗಿತ್ತು. ಬೇಲಿ ಬಿದ್ದ ಮಾರನೆಯ ದಿನ ಬಂದು ಕುಲುಮೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು.

“ಆಚಾರ್ರೇ, ನಾ ಮಾರ್ದೆ ಇದ್ರೆ ಪಕ್ಕದೋನು ಮಾರ್ತಿದ್ದ. ಸುತ್ತಾ ಬೇಲಿ ಆದ್ಮೇಕೆ ನಾನೊಬ್ನೇ ಏನ್ ಬೆಳೀಲಿ? ಕೊಂಡೋರ ಕಾಲು ಕೈ ಹಿಡ್ದು ಆಯುಧಪೂಜೆ ಗಂಟ ಟೈಮ್ ತಗಂಡಿವ್ನಿ.”

“ನಮ್ ತಾತಂಗೆ ನಿಮ್ ತಾತ ಮಾತು ಕೊಟ್ಟಿದ್ರು ಕಣಪ್ಪ,” ಎಂದರು ನಾಗರಾಜಾಚಾರಿ.

“ಊಂ, ಕೊಟ್ಟಿದ್ರು,” ಎಂದರು ನಿಂಗರಾಜು. ಪುಟ್ಟಲಕ್ಷ್ಮಮ್ಮ ಕಾಫಿ ಕೊಟ್ಟರು, ನಿಂಗರಾಜು ಕುಡಿದು ಎದ್ದುಹೋದರು.

ನಾಗರಾಜಾಚಾರಿಗೆ ನಾಗಮಂಗಲದ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಕೆಲಸ ಗೊತ್ತಾಗಿದೆ. ಗೇಟು, ಗ್ರಿಲ್ಲು ಮಾಡುವ ಅಂಗಡಿ. ಹೊಸ ಬಡಾವಣೆಗಳ ಕೆಲಸ ಅಲ್ಲಿ ರಾಶಿ ಬಿದ್ದಿದೆ. ಆದರೆ ವೆಲ್ಡಿಂಗಿಗೆ ಎದುರು ನಿಂತು ಬಡಿಯುವವರು ಬೇಡ. ಕರೆಂಟು ಇದ್ದರೆ ಸಾಕು. ಮೂವತ್ತು ವರ್ಷಕ್ಕೂ ಮಿಕ್ಕಿ ಒಂದೇ ಏಟಿನ ಎರಡು ಕೈಯಾಗಿ ದುಡಿದವರಲ್ಲಿ ಒಬ್ಬರಿಗೆ ಜಾಗವಿದೆ, ಒಬ್ಬರಿಗಿಲ್ಲ.

ಕಿರಂಗೂರಿಗೆ ಕೊಟ್ಟಿರುವ ಮಗಳು ಭೂಮಿಕ, ಬಂದು ನಮ್ಮ ಜೊತೆ ಇರಮ್ಮ ಎಂದು ಕರೆಯುತ್ತಾಳೆ. ಪುಟ್ಟಲಕ್ಷ್ಮಮ್ಮನಿಗೆ ಮನಸ್ಸಿಲ್ಲ. ಊರಲ್ಲಿ ಕೂಲಿಗೆ ಹೋಗೋಣವೆಂದರೆ ಉಳಿದಿರುವ ಹೊಲಗಳಲ್ಲಿ ಇದ್ದವರಿಗೇ ಕೂಲಿಯಿಲ್ಲ. ವಾರದಲ್ಲಿ ಎರಡು ದಿನ ಕುಲುಮೆ ಉರಿದರೆ ಹೆಚ್ಚು. ಅದೂ ಬೇಲಿಯವರ ಉಳಿದ ಗೂಟಗಳು. ಬಡಿಯುವುದಿಲ್ಲ ಎನ್ನಲು ಆಗುವುದಿಲ್ಲ, ಅಕ್ಕಿ ಬರುವುದು ಅದರಿಂದಲೇ. ಈ ಬೆಳಗಿನ ಕಬ್ಬಿಣವೂ ಗೂಟವೇ. ಕೊನೆಯ ಮೊನೆ ತೀಡಿ ನಾಗರಾಜಾಚಾರಿ ಸುತ್ತಿಗೆ ಮಲಗಿಸುತ್ತಾರೆ. ಪುಟ್ಟಲಕ್ಷ್ಮಮ್ಮ ಭುಜ ಹಿಡಿದುಕೊಂಡು ಕಲ್ಲಿನ ಮೇಲೆ ಕೂರುತ್ತಾರೆ.

ಏನಾದರೂ ಆಸೆ ಇದೆಯೇ ಎಂದರೆ ಒಲೆಯ ಕಡೆ ಕೈ ತೋರಿಸುತ್ತಾರೆ. ಜಾಗ ಉಳಿಯಲಿ ಎಂದು ಈಗ ಕೇಳುವುದಿಲ್ಲ. ಅದು ಮುಗಿಯಿತೆಂದು ಅವರಿಗೆ ಗೊತ್ತು.

“ಈ ಒಲೆಲಿ ಕಡೇದಾಗಿ ಕಾಯಾದು ಬೇಲಿಗೂಟ ಆಗ್ಬಾರ್ದು ಅಷ್ಟೆಯ. ಯಾರಾದ್ರೂ ಒಂದ್ ಕುಡ್ಲು ತಂದ್ರೆ ಸಾಕು. ಹಲ್ಲು ಹಾಕ್ಕೊಟ್ಟು ಎದ್ದೋಗ್ಬುಡ್ತೀವಿ.”

“ನಾವೇ ಒಂದ್ ಮಾಡ್ಕಂಡ್ರಾಯ್ತು ಬುಡು,” ಎನ್ನುತ್ತಾರೆ ಗಂಡ.

“ನಮ್ಗ್ಯಾತಕ್ಕೆ ಕುಡ್ಲು? ನಮ್ಗೆ ಹೊಲ ಎಲ್ಲೈತೆ?” ಪುಟ್ಟಲಕ್ಷ್ಮಮ್ಮ ತಲೆಯಾಡಿಸುತ್ತಾರೆ. “ಬೇಕು ಅಂದೋರ್ಗೆ ಮಾಡ್ಕೊಡ್ಬೇಕು. ಯಾರ್ಗೂ ಬೇಡ್ದೆ ಇರಾದ್ನ ಮಾಡಿದ್ರೆ ಅದು ಕೆಲ್ಸ ಅನ್ನುಸ್ಕಳಲ್ಲ. ಒಂದ್ ಕುಡ್ಲು ಕಾಯೋಷ್ಟು ಇದ್ದಲು ಬ್ಯಾರೆ ಎತ್ತಿಟ್ಟಿವ್ನಿ. ಗೂಟಕ್ಕೆ ಅದ್ರಾಗೆ ಒಂದ್ ಚೂರೂ ಮುಟ್ಟಿಲ್ಲ. ಯಾರಾದ್ರೂ ಬತ್ತಾರೇನೋ ಅಂತ ನೋಡ್ತಾವ್ನಿ.”

ಆಯುಧಪೂಜೆ ಮುಂದಿನ ವಾರ. ಇನ್ನೂ ಯಾರೂ ಬಂದಿಲ್ಲ.