ಮೊಮ್ಮಗಳು ಮೆಂತೆ ಇಳಿಸಿದ ದಿನ

ನಮ್ಮ ಮಸಾಲೆ ಮಿಲ್ಲಿಗೆ ಬೀಗ ಬೀಳುವುದಿಲ್ಲ! ನಿನ್ನೆ ಮೊಮ್ಮಗಳು ಹುರಿದ ಮಸಾಲೆ ಸರಿಯಾಗಿ ಬಂತು, ಮಗ ಒಪ್ಪಿದ. ಯಾರಿಗಾದರೂ ಹೇಳದೆ ಇರಲಾಗದು, ಅದಕ್ಕೇ ಬರೆಯುತ್ತಿದ್ದೇನೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಅಕ್ಷರ ಓರೆಕೋರೆ ಬಿದ್ದರೆ ಬೀಳಲಿ.

ಈ ಮಸಾಲೆ ನನ್ನ ಅತ್ತೆಯಿಂದ ಶುರುವಾದದ್ದು. ಬಸ್ರೂರಿನ ಮನೆಗಳ ಮದುವೆಗೆ ಅವರು ಒನಕೆ ಹಿಡಿದು ಕುಟ್ಟಿ ಕೊಡುತ್ತಿದ್ದರು. ಅದನ್ನು ಡಬ್ಬಿಗೆ ತುಂಬಿ ಸೈಕಲ್ಲಿನಲ್ಲಿ ಗುಲ್ವಾಡಿ, ಕುಂದಾಪುರ ಎಂದು ಮಾರಿಕೊಂಡು ಬಂದವರು ನನ್ನ ಗಂಡ. ಆಮೇಲೆ ಮನೆಯ ಹಿಂದೆ ಮಿಲ್ಲು ಬಂತು, ಪೊಟ್ಟಣ ಬಂತು. ಎಲ್ಲ ಬೆಳೆದರೂ ಹುರಿಯುವುದು ಮಾತ್ರ ಸೌದೆ ಒಲೆಯ ಮೇಲೆ, ಒಂದೊಂದು ಸಾಮಾನು ಬೇರೆ ಬೇರೆ. ಯಾವುದನ್ನು ಯಾವಾಗ ಇಳಿಸಬೇಕೆಂದು ಹೇಳುವುದು ನನ್ನ ಮೂಗು. "ಅಮ್ಮ, ಒಂಚೂರ್ ಬಂದ್ ಕಾಣಿ" ಎಂದು ಕೆಲಸದ ಹೆಂಗಸರು ನನ್ನನ್ನೇ ಕರೆಯುತ್ತಿದ್ದರು. ನಾನೂ ಹೋಗುತ್ತಿದ್ದೆ. ಬೇರೆ ಯಾರೂ ಕಲಿಯಲೇ ಇಲ್ಲ.

ಗಂಡ ತೀರಿಕೊಂಡ ವರ್ಷವೇ ಒಂದು ಜ್ವರ ಬಂದು ನನ್ನ ಮೂಗನ್ನೂ ಕೊಂಡುಹೋಯಿತು. ಸುಟ್ಟದ್ದೂ ಗೊತ್ತಾಗದು, ಮಲ್ಲಿಗೆಯೂ ಗೊತ್ತಾಗದು. ಅವರ ಅಂಗಿಯನ್ನು ಮುಖಕ್ಕೆ ಹಿಡಿದರೆ ಬರೀ ಬಟ್ಟೆ.

ಆಮೇಲೆ ಬಣ್ಣ ನೋಡಿ ಇಳಿಸಿದೆವು. ಮೆಂತೆ ಬಾಣಲೆ ಇಳಿಸಿದ ಮೇಲೂ ಆ ಕಬ್ಬಿಣದ ಬಿಸಿಗೆ ಹುರಿಯುತ್ತಲೇ ಇರುತ್ತದೆ. ಬಣ್ಣ ಬರಲಿ ಎಂದು ಕಾದರೆ ಸಿಗುವುದು ಕಹಿ. ಬೈಂದೂರಿನಿಂದ ಪೊಟ್ಟಣ ವಾಪಸು ಬಂತು. ಬ್ರಹ್ಮಾವರದ ಅಂಗಡಿಗಳು ತೆಗೆದುಕೊಳ್ಳುವುದನ್ನೇ ಬಿಟ್ಟವು. ಕೆಲಸದ ಹೆಂಗಸರು ಒಬ್ಬೊಬ್ಬರಾಗಿ ಗೇರುಬೀಜದ ಫ್ಯಾಕ್ಟರಿಗೆ ಹೋದರು. ಹೊರಡುವಾಗ ನನ್ನ ಮುಖ ನೋಡಲು ಅವರಿಗೂ ಕಷ್ಟ, ನನಗೂ ಕಷ್ಟ.

"ಇದೊಂದ್ ಸಲ ಕಾಂಬ. ಸರಿ ಆಯ್ಲಿಲ್ಲ ಅಂದ್ರೆ ಬೀಗ ಹಾಕುದೇ ಸೈ" ಎಂದು ಮಗ ಮೊನ್ನೆ ಹೇಳಿದ.

ನಿನ್ನೆ ಬೆಳಿಗ್ಗೆ ಒಲೆಯ ಮುಂದೆ ಅವನ ಮಗಳು ಕೂತಳು. ಮೆಂತೆ ಹಾಕಿ ಸ್ವಲ್ಪ ಹೊತ್ತಿಗೇ ಬಾಣಲೆ ಇಳಿಸಿಬಿಟ್ಟಳು, ಬಣ್ಣ ಇನ್ನೂ ತಿರುಗಿರಲಿಲ್ಲ.

"ಹೆಣೆ, ಇನ್ನೂ ಹಸಿ ಇತ್ತಲೆ! ಕಣ್ ಕಾಂತಿಲ್ಯಾ?" ಎಂದು ಕೂಗಿದೆ.

"ಪರಿಮಳ ಬಂತ್, ಅಮ್ಮಮ್ಮ. ನೀವ್ ಸುಮ್ನೆ ಕೂಕಣಿ."

ನನ್ನ ಮೂಗಿಗೆ ಏನೂ ಬರಲಿಲ್ಲ. ಬಾಣಲೆಯನ್ನು ಅವಳಿಗೇ ಬಿಟ್ಟು ಹಿಂದೆ ಸರಿದು ಕೂತೆ.

ಮಿಲ್ಲಿನಲ್ಲಿ ಬೀಸಿದ ಹೊಸ ಹುಡಿಯನ್ನು ಮನೆಯವರೆಲ್ಲ ಉಂಡು ನೋಡಿದ ಮೇಲೆಯೇ ಪೊಟ್ಟಣ ಕಟ್ಟುವುದು ಅತ್ತೆಯ ಕಾಲದ ಕ್ರಮ. ಸಂಜೆ ಸೊಸೆ ಅದನ್ನು ಹಾಕಿ ಕೋಳಿ ಸಾರು ಮಾಡಿದಳು. ಎಲ್ಲರೂ ಸಾಲಾಗಿ ಕೂತೆವು. ಮಗ ರೊಟ್ಟಿ ಮುರಿದು, ಅದ್ದಿ, ಬಾಯಿಗಿಟ್ಟ. ಅಗಿದ.

"ಎಂತ ಅಪ್ಪಯ್ಯ, ಕಹಿ ಇತ್ತಾ?" ಎಂದಳು ಮೊಮ್ಮಗಳು.

"ಮೊದ್ಲ್ ಇನ್ನೊಂದ್ ಸೌಟ್ ಸಾರ್ ಹಾಕ್, ಮತ್ ಮಾತಾಡುವ. ನಾಳೆ ಪೊಟ್ಟಣ ಕಟ್ಟುಕಿತ್ತ್."

ಪೊಟ್ಟಣ ಕಟ್ಟಬೇಕೆಂಬ ಮಾತು ಕೇಳಿ ಸೊಸೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. "ಅತ್ತೆ, ನಿಮ್ಗೆ?"

"ಹಾಕ್ ಮಾರಾಯ್ತಿ, ಜಾಸ್ತಿಯೇ ಹಾಕ್!"

ನನ್ನ ನಾಲಿಗೆಗೆ ಬಿಸಿ ಮತ್ತು ಖಾರ ಬಿಟ್ಟು ಬೇರೇನೂ ತಿಳಿಯಲಿಲ್ಲ. ಎದುರಿಗೆ ಅವರೆಲ್ಲ ಬೆರಳು ನೆಕ್ಕುತ್ತಿದ್ದರು. ಅದನ್ನು ನೋಡುತ್ತಾ ನಾನೂ ಹೊಟ್ಟೆ ತುಂಬಾ ಉಂಡೆ.